ಹಾಡಿಗೆ ಚಪ್ಪಾಳೆ, ನೆಲಕ್ಕೆ ಬೇಲಿ

ಆಂಡಿ ಪಲಾಸಿಯೊ ಅನ್ನೋ ಹೆಸರು ನಿಮ್ಮ ಪ್ಲೇಲಿಸ್ಟಿನಲ್ಲಿ ಇರುವ ಸಾಧ್ಯತೆ ಕಡಿಮೆ. ಇದ್ದರೆ ಸಂತೋಷ. ಇಲ್ಲದಿದ್ದರೆ ಇವತ್ತು ಸಂಜೆ ಆಫೀಸಿನಿಂದ ಮನೆಗೆ ಹೋಗುವಾಗ 'ವಾತಿನಾ' ಅಂತ ಹುಡುಕಿ ಕೇಳಿ. 2007ರಲ್ಲಿ ಬಂದ ಆಲ್ಬಂ, ಹನ್ನೆರಡು ಹಾಡುಗಳು. ಭಾಷೆ ಗರಿಫುನಾ. ಮಧ್ಯ ಅಮೆರಿಕದ ಕೆರಿಬಿಯನ್ ಕರಾವಳಿಯಲ್ಲಿ ಬೆಲೀಜ್, ಗ್ವಾಟೆಮಾಲಾ, ಹೊಂಡುರಾಸ್, ನಿಕರಾಗುವಾ ಎಂಬ ನಾಲ್ಕು ದೇಶಗಳಿಗೆ ಹಂಚಿಹೋಗಿರುವ ಒಂದು ಜನಾಂಗದ ಭಾಷೆ ಅದು. ಒಬ್ಬರಾದರೆ ಗರಿಫುನಾ, ಹಲವರಾದರೆ ಗರಿನಾಗು. 'ವಾತಿನಾ' ಅಂದರೆ 'ನಾನು ಕೂಗಿ ಕರೆದೆ' ಅಂತ ಅರ್ಥ.

ಕರೆದಿದ್ದು ಜಗತ್ತಿಗೆ ಕೇಳಿಸಿತು. ಆ ವರ್ಷ ವಿಶ್ವ ಸಂಗೀತದ ದೊಡ್ಡ ಮೇಳವಾದ ವೊಮೆಕ್ಸ್ ಪಲಾಸಿಯೊ ಅವರಿಗೂ ಅವರ ನಿರ್ಮಾಪಕ ಇವಾನ್ ದುರಾನ್ ಅವರಿಗೂ ಪ್ರಶಸ್ತಿ ಕೊಟ್ಟಿತು. ಯುನೆಸ್ಕೊ ಪಲಾಸಿಯೊ ಅವರನ್ನು ಶಾಂತಿಯ ಕಲಾವಿದ ಎಂದು ಗೌರವಿಸಿತು. 2008ರ ಜನವರಿಯಲ್ಲಿ, ಇನ್ನೂ 47ರ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಅಲ್ಲಿಂದ ಈಚೆಗೆ ಈ ಆಲ್ಬಮ್ಮಿನ ಬಗ್ಗೆ ಯಾರೇ ಬರೆಯಲಿ, ಒಂದು ಪದ ತಪ್ಪದೆ ಬರುತ್ತದೆ: ಅಳಿವಿನಂಚು. ಅಳಿವಿನಂಚಿನ ಭಾಷೆ, ಅಳಿವಿನಂಚಿನ ಸಂಸ್ಕೃತಿ, ಅದನ್ನು ಉಳಿಸಿದ ಹಾಡುಗಾರ.

ನನಗೆ ಈ ಆಲ್ಬಂ ತುಂಬಾ ಇಷ್ಟ. ವರ್ಷಗಳಿಂದ ಕೇಳುತ್ತಾ ಬಂದಿದ್ದೇನೆ. ನನ್ನ ತಕರಾರು ಇರುವುದು ಜಗತ್ತು ಅದನ್ನು ಮೆಚ್ಚಿಕೊಂಡ ರೀತಿಯ ಬಗ್ಗೆ. ಸ್ವಲ್ಪ ಮಟ್ಟಿಗೆ ಆಲ್ಬಮ್ಮಿನ ಬಗ್ಗೆಯೂ. ಅದನ್ನು ಹೇಳೋಕೆ ಮುಂಚೆ ಆಲ್ಬಂ ಯಾಕೆ ಒಳ್ಳೆಯದು ಅನ್ನೋದನ್ನು ಹೇಳಿಬಿಡಬೇಕು.

ಪಲಾಸಿಯೊ ಹುಟ್ಟಿದ್ದು ದಕ್ಷಿಣ ಬೆಲೀಜಿನ ಬರಾಂಕೊ ಎಂಬ ಪುಟ್ಟ ಹಳ್ಳಿಯಲ್ಲಿ, 1960ರಲ್ಲಿ. 1980ರಲ್ಲಿ ನಿಕರಾಗುವಾದ ಸಾಕ್ಷರತಾ ಆಂದೋಲನಕ್ಕೆ ಸ್ವಯಂಸೇವಕರಾಗಿ ಹೋದರು. ಅಲ್ಲಿಯ ಗರಿಫುನಾ ಹಳ್ಳಿಯಲ್ಲಿ ಭಾಷೆ ಉಳಿದಿದ್ದು ಮುದುಕರ ಬಾಯಲ್ಲಿ ಮಾತ್ರ. ಮಕ್ಕಳು, ಮೊಮ್ಮಕ್ಕಳು ಬೇರೆ ಭಾಷೆಗೆ ಹೋಗಿಬಿಟ್ಟಿದ್ದರು. ತಮ್ಮ ಊರಿಗೂ ನಾಳೆ ಇದೇ ಗತಿ ಅನ್ನೋದು ಆ ಹುಡುಗನಿಗೆ ಅಲ್ಲಿ ಹೊಳೆಯಿತು. ಮುಂದೆ ಅವರು ಪುಂತಾ ರಾಕ್ ಎಂಬ ಕುಣಿತದ ಸಂಗೀತದಲ್ಲಿ ಹೆಸರು ಮಾಡಿದರು. ಹಳೆಯ ಪುಂತಾ ತಾಳಕ್ಕೆ ಎಲೆಕ್ಟ್ರಿಕ್ ಗಿಟಾರು ಸೇರಿಸಿ 1980ರ ದಶಕದಲ್ಲಿ ಬೆಲೀಜಿನ ದಂಗ್ರಿಗಾ ಪಟ್ಟಣದಲ್ಲಿ ಶುರುವಾದ ಸಂಗೀತ ಅದು. ಪಾರ್ಟಿಗೆ ಹೇಳಿಮಾಡಿಸಿದ್ದು.

'ವಾತಿನಾ'ದಲ್ಲಿ ಅವರು ಆ ವೇಗವನ್ನು ಬಿಟ್ಟುಕೊಟ್ಟರು. ಹಾಪ್ಕಿನ್ಸ್ ಎಂಬ ಹಳ್ಳಿಯಲ್ಲಿ, ಸಮುದ್ರದ ದಡದಲ್ಲಿ, ಗರಿ ಹೊದಿಸಿದ ಒಂದು ಮನೆಯನ್ನೇ ಸ್ಟುಡಿಯೊ ಮಾಡಿಕೊಂಡು ಬೇರೆ ಬೇರೆ ದೇಶಗಳ, ಬೇರೆ ಬೇರೆ ತಲೆಮಾರಿನ ಗರಿಫುನಾ ಕಲಾವಿದರು ಒಟ್ಟಿಗೆ ಹಾಡಿದರು. ಈ ಆಲ್ಬಮ್ಮಿನ ಅತಿ ದೊಡ್ಡ ಗುಣ ಅಂದರೆ ಯಾರೂ ಅವಸರ ಮಾಡುವುದಿಲ್ಲ. ಮರದ ಡೋಲುಗಳು ಮುಂದೆ ಬಂದು ಅಬ್ಬರಿಸುವುದಿಲ್ಲ, ನಡಿಗೆಯ ಹಾಗೆ ಜೊತೆಗಿರುತ್ತವೆ. 'ಆಯೊ ದಾ' ಎಂಬ ಬೀಳ್ಕೊಡುಗೆಯ ಹಾಡಿನಲ್ಲಿ ಪಾಲ್ ನಾಬೊರ್ ಹಾಡುತ್ತಾರೆ. ಗಿಟಾರು ಹಿಡಿದು ಹಾಡುವ ಪರಾಂದ ಸಂಗೀತದ ಹಿರಿಯರಲ್ಲಿ ಒಬ್ಬರು. ಆಗ ಅವರಿಗೆ ಎಂಬತ್ತರ ಹತ್ತಿರ. ದನಿ ಒಡೆದಿದೆ, ಉಸಿರು ಸಾಲದು. ಬೇರೆ ನಿರ್ಮಾಪಕನಾಗಿದ್ದರೆ ಅದನ್ನು ಸಾಫ್ಟ್‌ವೇರಿನಲ್ಲಿ ನುಣ್ಣಗೆ ಮಾಡುತ್ತಿದ್ದ. ದುರಾನ್ ಮಾಡಲಿಲ್ಲ. ಆ ಬಿರುಕು ಇರುವುದರಿಂದಲೇ ಹಾಡು ನಿಂತಿದೆ.

ಆಲ್ಬಂ ಮುಗಿಯುವ ಹೊತ್ತಿಗೆ 'ಆಮುನ್ಯೆಗು' ಬರುತ್ತದೆ. ಮುಂಬರುವ ದಿನಗಳಲ್ಲಿ ಅಂತ ಅರ್ಥ. ಮುಂದೆ ನಮ್ಮ ನುಡಿಯಲ್ಲಿ ನನ್ನ ಜೊತೆ ಮಾತಾಡುವವರು ಯಾರು ಎಂಬ ಆತಂಕವೇ ಆ ಹಾಡು. ಕೇಳಿದವರಿಗೆ ಗಂಟಲು ಕಟ್ಟುತ್ತದೆ. ನನಗೂ ಕಟ್ಟಿದೆ. ಭಾಷೆ ಬರದಿದ್ದರೂ.

ನನ್ನ ತಕರಾರು ಶುರುವಾಗುವುದು ಇಲ್ಲಿಂದ. 'ಭಾಷೆ ಅಳಿಯುತ್ತಿದೆ' ಅನ್ನುವ ವಾಕ್ಯದಲ್ಲಿ ಅಳಿಸುವವರು ಯಾರೂ ಇಲ್ಲ. ಮಳೆ ಬರುತ್ತಿದೆ, ಹೊತ್ತು ಮುಳುಗುತ್ತಿದೆ ಅನ್ನುವ ಹಾಗೆ ಅದೂ ಒಂದು ಪ್ರಕೃತಿ ವ್ಯಾಪಾರ. ವಯಸ್ಸಾದವರು ಸಾಯುತ್ತಾರೆ, ಹುಡುಗರು ಇಂಗ್ಲಿಷ್, ಸ್ಪ್ಯಾನಿಷ್ ಕಲಿಯುತ್ತಾರೆ, ಏನು ಮಾಡೋಕಾಗುತ್ತೆ? ಸ್ವಲ್ಪ ದುಃಖ ಪಟ್ಟು, ಆಲ್ಬಂ ಕೊಂಡು, ಚಪ್ಪಾಳೆ ಹೊಡೆದರೆ ನಮ್ಮ ಪಾಲಿನ ಕರ್ತವ್ಯ ಮುಗಿಯಿತು. ಗರಿನಾಗು ವಿಷಯದಲ್ಲಿ ಈ ವಾಕ್ಯ ಅರ್ಧ ಸುಳ್ಳು. ಯಾಕೆ ಅಂತ ಹೇಳೋಕೆ ಸ್ವಲ್ಪ ಇತಿಹಾಸ ಬೇಕು.

ಅವರ ಭಾಷೆಯಲ್ಲಿ ಎಣಿಸಿ ನೋಡಿ. ಒಂದು ಅಬನ್, ಎರಡು ಬಿಯಾಮ, ಮೂರು ಉರುವ. ಇಷ್ಟು ಆ ದ್ವೀಪಗಳ ಮೂಲನಿವಾಸಿಗಳ ನುಡಿಯಿಂದ ಬಂದದ್ದು. ನಾಲ್ಕು ಗಾದುರು, ಐದು ಸೆಂಗು, ಆರು ಸಿಸಿ. ಇವು ಫ್ರೆಂಚಿನಿಂದ ಬಂದವು. ಬೆರಳು ಮಡಚಿ ಎಣಿಸುವ ಹೊತ್ತಿಗೆ ಕೆರಿಬಿಯನ್ ಇತಿಹಾಸ ಕಣ್ಣಮುಂದೆ ಹಾದುಹೋಗುತ್ತದೆ. ಗರಿನಾಗು ತಮ್ಮ ಮೂಲನೆಲ ಎಂದು ನೆನೆಯುವುದು ಯುರುಮೇನ್ ದ್ವೀಪವನ್ನು. ಇಂದಿನ ಸೇಂಟ್ ವಿನ್ಸೆಂಟ್. ಅಲ್ಲಿದ್ದ ಕರೀಬ್ ಮತ್ತು ಅರವಾಕ್ ಜನರ ಜೊತೆ ಆಫ್ರಿಕಾದಿಂದ ಬಂದವರು ಬೆರೆತರು. 17ನೇ ಶತಮಾನದಲ್ಲಿ ಗುಲಾಮರನ್ನು ಹೊತ್ತ ಹಡಗು ಒಡೆದು ದಡ ಸೇರಿದವರು ಅನ್ನೋದು ಅವರ ಪರಂಪರೆಯ ಕತೆ. ಅಕ್ಕಪಕ್ಕದ ದ್ವೀಪಗಳ ತೋಟಗಳಿಂದ ತಪ್ಪಿಸಿಕೊಂಡು ಬಂದವರೂ ಸೇರಿದರು. ಮೈಬಣ್ಣ ಆಫ್ರಿಕಾದ್ದು, ನುಡಿಯ ಬೇರು ಅರವಾಕಿನದ್ದು, ತಟ್ಟೆಯಲ್ಲಿ ಮರಗೆಣಸಿನ ರೊಟ್ಟಿ. ಹೀಗೆ ಒಂದು ಹೊಸ ಜನಾಂಗವೇ ಹುಟ್ಟಿತು.

1763ರಲ್ಲಿ ಆ ದ್ವೀಪ ಬ್ರಿಟಿಷರ ಕೈಗೆ ಹೋಯಿತು. ಅವರಿಗೆ ಕಬ್ಬು ಬೆಳೆಯೋಕೆ ನೆಲ ಬೇಕಿತ್ತು. ಎರಡು ಯುದ್ಧಗಳಾದವು. ಎರಡನೆಯದರಲ್ಲಿ, 1795ರ ಮಾರ್ಚಿನಲ್ಲಿ, ನಾಯಕ ಜೋಸೆಫ್ ಚಟೋಯೆರ್ ಸತ್ತ. (2002ರಲ್ಲಿ ಸೇಂಟ್ ವಿನ್ಸೆಂಟ್ ಸರ್ಕಾರ ಅವನನ್ನು ತನ್ನ ಮೊದಲ ರಾಷ್ಟ್ರವೀರ ಎಂದು ಘೋಷಿಸಿತು.) ಯುದ್ಧ ಸೋತ ಮೇಲೆ ಸುಮಾರು 5,000 ಜನರನ್ನು ಬಾಲಿಸೋ ಎಂಬ ನೀರಿಲ್ಲದ ಪುಟ್ಟ ದ್ವೀಪಕ್ಕೆ ಸಾಗಿಸಿದರು. ಕೆಲವೇ ತಿಂಗಳಲ್ಲಿ ಅರ್ಧದಷ್ಟು ಜನ ಅಲ್ಲೇ ಸತ್ತರು. ಉಳಿದವರಲ್ಲಿ 2,000ಕ್ಕೂ ಹೆಚ್ಚು ಮಂದಿಯನ್ನು ಹಡಗಿಗೆ ತುಂಬಿ 1797ರ ಏಪ್ರಿಲ್‌ನಲ್ಲಿ ಹೊಂಡುರಾಸ್ ಬಳಿಯ ರೊಆಟಾನ್ ದ್ವೀಪದಲ್ಲಿ ಇಳಿಸಿ ಬಂದರು.

ಇದರ ಮಧ್ಯೆ ಒಂದು ಸಣ್ಣ ಸಂಗತಿ ಇದೆ. ನನ್ನನ್ನು ಹೆಚ್ಚು ಕಾಡುವುದು ಅದೇ. ಸಾಗಿಸುವ ಮುಂಚೆ ಬ್ರಿಟಿಷರು ಸೆರೆಸಿಕ್ಕವರನ್ನು ಮೈಬಣ್ಣ ನೋಡಿ ಬೇರ್ಪಡಿಸಿದರು. ಬಣ್ಣ ತಿಳಿಯಾಗಿದ್ದವರು 'ನಿಜವಾದ' ಕರೀಬರು, ಅವರು ವಾಪಸ್ ಹೋಗಬಹುದು. ಕಪ್ಪಗಿದ್ದವರು 'ಕಪ್ಪು ಕರೀಬರು', ಅವರಿಗೆ ಗಡಿಪಾರು. ಒಂದೇ ಭಾಷೆ ಆಡುವ, ಒಂದೇ ರೊಟ್ಟಿ ತಿನ್ನುವ ಜನ. ಯಾರು ಮೂಲನಿವಾಸಿ, ಯಾರು ಅಲ್ಲ ಅಂತ ನೆಲ ಬೇಕಾಗಿದ್ದವನೇ ತೀರ್ಪು ಕೊಟ್ಟ.

ಈ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ.

ಈಗ 2001ಕ್ಕೆ ಬನ್ನಿ. ಯುನೆಸ್ಕೊ ಮೊದಲ ಬಾರಿಗೆ ಮನುಕುಲದ ಅಮೂರ್ತ ಪರಂಪರೆಯ ಮೇರುಕೃತಿಗಳು ಅಂತ 19 ಕಲೆಗಳ ಪಟ್ಟಿ ಹೊರಡಿಸಿತು. ಅದರಲ್ಲಿ ಕೇರಳದ ಕೂಡಿಯಾಟ್ಟಂ ಇತ್ತು. ಗರಿಫುನಾ ಭಾಷೆ, ನೃತ್ಯ ಮತ್ತು ಸಂಗೀತವೂ ಇತ್ತು. ಸಂತೋಷದ ವಿಷಯವೇ. ಶಾಲೆಗಳಲ್ಲಿ ಆ ಭಾಷೆಗೆ ಜಾಗ ಕೇಳೋಕೆ, ಹುಡುಗರಲ್ಲಿ ಹೆಮ್ಮೆ ಹುಟ್ಟಿಸೋಕೆ ಅದರಿಂದ ಅನುಕೂಲವಾಯಿತು.

ಆದರೆ 'ಅಮೂರ್ತ' ಅನ್ನುವ ಪದವನ್ನು ಒಂದು ನಿಮಿಷ ಹಿಡಿದು ನೋಡಿ. ಕೈಗೆ ಸಿಗದ್ದು, ಆಕಾರ ಇಲ್ಲದ್ದು. ಗರಿಫುನಾ ಹಾಡಿಗೆ ಆಕಾರ ಕೊಟ್ಟಿದ್ದು ಏನು? ಕಹಿ ಮರಗೆಣಸು ಹಾಗೇ ತಿಂದರೆ ವಿಷ. ಅದರಲ್ಲಿ ಸಯನೈಡ್ ಇರುತ್ತದೆ. ಹೆಂಗಸರು ಒಟ್ಟಿಗೆ ಕೂತು ಕಲ್ಲಿನ ಚೂರು ಕೂರಿಸಿದ ಹಲಗೆಯ ಮೇಲೆ ಅದನ್ನು ತುರಿಯುತ್ತಾರೆ. 'ರುಗುಮ' ಎಂಬ ಉದ್ದನೆಯ ಹೆಣೆದ ಚೀಲಕ್ಕೆ ತುಂಬಿ, ಮರಕ್ಕೆ ತೂಗುಹಾಕಿ, ಜಗ್ಗಿ, ವಿಷದ ರಸ ಹಿಂಡಿ ತೆಗೆಯುತ್ತಾರೆ. ಉಳಿದ ಹಿಟ್ಟನ್ನು ಜರಡಿ ಹಿಡಿದು ದೊಡ್ಡ ಕಾವಲಿಯ ಮೇಲೆ 'ಎರೆಬಾ' ರೊಟ್ಟಿ ಸುಡುತ್ತಾರೆ. ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಕೈಗಳು ಒಂದೇ ಲಯಕ್ಕೆ ಬರಬೇಕು. ಹಾಡು ಆ ಲಯದ ಜೊತೆಗೇ ಬೆಳೆಯಿತು. ನಮ್ಮ ಕಡೆ ರಾಗಿ ಬೀಸುವಾಗ ಹಾಡು ಹುಟ್ಟಿದ ಹಾಗೆ. ಬೀಸುವ ಕಲ್ಲು ಅಟ್ಟಕ್ಕೆ ಹೋದ ಮೇಲೆ ಬೀಸೋ ಪದಕ್ಕೆ ಏನಾಯಿತು ಅಂತ ನಾನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಮರಗೆಣಸು ಬೆಳೆಯೋಕೆ ನೆಲ ಬೇಕು. ಡೋಲು ಕೊರೆಯೋಕೆ ಮರ ಬೇಕು. ಹಿರಿಯರ ಆತ್ಮಗಳಿಗಾಗಿ ಮಾಡುವ 'ದುಗು' ಎಂಬ ದೊಡ್ಡ ಆಚರಣೆ ಹಲವು ದಿನ ನಡೆಯುತ್ತದೆ. ಅದಕ್ಕೆ ಮೀನು, ಏಡಿ ತರೋಕೆ ಕೆಲವರು ಮೊದಲೇ ಸಮುದ್ರಕ್ಕೆ ಹೋಗಬೇಕು. ಅಂದರೆ ಕಡಲ ದಡ ಬೇಕು. ಪಟ್ಟಿಯಲ್ಲಿ ಅಮೂರ್ತ ಅಂತ ಬರೆದದ್ದರ ಒಂದೊಂದು ಬೇರೂ ಸರ್ವೆ ನಂಬರ್ ಇರುವ ನೆಲದಲ್ಲೇ ಇದೆ.

ಆ ನೆಲಕ್ಕೆ ಏನಾಗುತ್ತಿತ್ತು ಅನ್ನೋದನ್ನು ತಿಳಿಯೋಕೆ ನಾನು ಆಲ್ಬಮ್ಮಿನ ಪಕ್ಕದಲ್ಲಿ ಇನ್ನೊಂದು ಕೃತಿಯನ್ನು ಇಟ್ಟು ಓದುತ್ತೇನೆ. ಇದಕ್ಕೆ ಯಾರೂ ಚಪ್ಪಾಳೆ ಹೊಡೆಯಲಿಲ್ಲ. 2015ರ ಅಕ್ಟೋಬರ್ 8ರಂದು ಅಂತರ-ಅಮೆರಿಕನ್ ಮಾನವ ಹಕ್ಕುಗಳ ನ್ಯಾಯಾಲಯ ಹೊಂಡುರಾಸಿನ ತ್ರಿಯುನ್ಫೊ ದೆ ಲಾ ಕ್ರುಸ್ ಎಂಬ ಗರಿಫುನಾ ಸಮುದಾಯದ ಪ್ರಕರಣದಲ್ಲಿ ಕೊಟ್ಟ ತೀರ್ಪು ಅದು. ಗದ್ಯ ಒಣಒಣ. ಪ್ಯಾರಾಗಳಿಗೆಲ್ಲ ನಂಬರು. ಆದರೂ ತಾಳ್ಮೆಯಿಂದ ಓದಿದರೆ ಅದರಲ್ಲಿರುವ ಕತೆ ನಮ್ಮೂರಿನವರಿಗೆ ತಕ್ಷಣ ಗೊತ್ತಾಗುತ್ತದೆ.

ತೆಲಾ ಕೊಲ್ಲಿಯ ಈ ಹಳ್ಳಿಗೆ 1950ರಲ್ಲಿ ಸರ್ಕಾರ ಸುಮಾರು 380 ಹೆಕ್ಟೇರ್ ನೆಲವನ್ನು ಸಮುದಾಯದ ಹೆಸರಿಗೆ ಕೊಟ್ಟಿತ್ತು. 1989ರಲ್ಲಿ ತೆಲಾ ನಗರಸಭೆಯ ಗಡಿಯನ್ನು ವಿಸ್ತರಿಸಿ ಆ ನೆಲದ ಒಂದು ಭಾಗವನ್ನು ನಗರದ ವ್ಯಾಪ್ತಿಗೆ ಸೇರಿಸಲಾಯಿತು. ಗೆರೆ ಎಳೆದದ್ದು ನಕ್ಷೆಯ ಮೇಲೆ ಅಷ್ಟೇ. ಆದರೆ ಅದರ ಕರಾಮತ್ತು ನೋಡಿ. ಹೊಂಡುರಾಸಿನ ಸಂವಿಧಾನದ 107ನೇ ವಿಧಿ ಪ್ರಕಾರ ಕರಾವಳಿಯಿಂದ 40 ಕಿಲೋಮೀಟರ್ ಒಳಗಿನ ನೆಲವನ್ನು ವಿದೇಶಿಯರು ಕೊಳ್ಳುವ ಹಾಗಿಲ್ಲ. 1990ರಲ್ಲಿ ಬಂದ ಒಂದು ಕಾನೂನು ನಗರ ವ್ಯಾಪ್ತಿಯ ನೆಲವನ್ನು ಪ್ರವಾಸೋದ್ಯಮಕ್ಕಾಗಿ ಕೊಳ್ಳಬಹುದು ಅಂತ ಕಿಟಕಿ ತೆಗೆಯಿತು. ಹಳ್ಳಿಯ ನೆಲ ಕಾಗದದ ಮೇಲೆ ನಗರವಾಯಿತು, ನಗರದ ನೆಲ ಮಾರಾಟದ ಸರಕಾಯಿತು. 1990ರ ದಶಕದ ಮೊದಲರ್ಧದಲ್ಲೇ ರೆಸಾರ್ಟ್ ಯೋಜನೆಗೆ ಅಲ್ಲಿಯ ತುಂಡುಗಳು ಮಾರಾಟವಾದವು. ಹಳ್ಳಿಯವರನ್ನು ಯಾರೂ ಕೇಳಲಿಲ್ಲ. ಬೆಂಗಳೂರಿನ ಸುತ್ತ ಹಳ್ಳಿಗಳು ಹೇಗೆ ರಾತ್ರೋರಾತ್ರಿ ಲೇಔಟ್ ಆದವು ಅಂತ ಬಲ್ಲವರಿಗೆ ಇದರ ವ್ಯಾಕರಣ ಹೊಸದೇನಲ್ಲ.

ಅದೇ ದಿನ ಪುಂತಾ ಪಿಯೆದ್ರಾ ಎಂಬ ಇನ್ನೊಂದು ಗರಿಫುನಾ ಸಮುದಾಯದ ತೀರ್ಪೂ ಬಂತು. ಅಲ್ಲಿಯ ಕತೆ ಸ್ವಲ್ಪ ಬೇರೆ. ಸರ್ಕಾರ 1990ರ ದಶಕದಲ್ಲಿ ಹಕ್ಕುಪತ್ರವನ್ನೇನೋ ಕೊಟ್ಟಿತು. ಆದರೆ ಆ ನೆಲದಲ್ಲಿ ಆಗಲೇ ಹೊರಗಿನವರು ಬಂದು ಕೂತಿದ್ದರು. ಅವರನ್ನು ಬೇರೆ ಕಡೆ ನೆಲೆ ಮಾಡಿಸುತ್ತೇವೆ ಅಂದವರು ಮಾಡಿಸಲಿಲ್ಲ. ಖಾತೆ ನಿಮ್ಮದು, ಕಬ್ಜ ಇನ್ನೊಬ್ಬರದು.

ಎರಡೂ ಪ್ರಕರಣಗಳಲ್ಲಿ ನ್ಯಾಯಾಲಯ ಹೊಂಡುರಾಸ್ ಸರ್ಕಾರವೇ ತಪ್ಪಿತಸ್ಥ ಎಂದಿತು. ಸಾಮೂಹಿಕ ಆಸ್ತಿಯ ಹಕ್ಕನ್ನು ಉಲ್ಲಂಘಿಸಿದೆ, ಸಮುದಾಯದ ಜೊತೆ ಸಮಾಲೋಚನೆ ನಡೆಸದೆ ಅವರ ನೆಲದ ಬಗ್ಗೆ ತೀರ್ಮಾನ ಮಾಡಿದೆ, ಈಗ ಗಡಿ ಗುರುತಿಸಿ ನೆಲ ಕೊಡಬೇಕು ಅಂತ. 2023ರಲ್ಲಿ ತೆಲಾ ಕೊಲ್ಲಿಯದೇ ಸಾನ್ ಹುವಾನ್ ಸಮುದಾಯದ ಪ್ರಕರಣದಲ್ಲೂ ಇದೇ ದಾರಿಯ ತೀರ್ಪು ಬಂತು. 'ಅಳಿಯುತ್ತಿದೆ' ಅನ್ನುವ ವಾಕ್ಯಕ್ಕೆ ಇಲ್ಲಿ ಕೊನೆಗೂ ಕರ್ತೃಪದ ಸಿಕ್ಕಿತು. ವಿಮರ್ಶಕರು ಬರೆಯದಿದ್ದನ್ನು ಜಡ್ಜುಗಳು ಬರೆದರು.

ಈ ಮೊಕದ್ದಮೆಗಳ ಸುತ್ತ ಮತ್ತೆ ಮತ್ತೆ ಎದ್ದ ಪ್ರಶ್ನೆ 1797ರದ್ದೇ: ಇವರು ಮೂಲನಿವಾಸಿಗಳೇ ಅಲ್ಲವಲ್ಲ? ಹೊಂಡುರಾಸಿಗೆ ಹಡಗಿನಲ್ಲಿ ಬಂದಿಳಿದವರು, ಮೈಬಣ್ಣ ಆಫ್ರಿಕಾದ್ದು, ಇವರಿಗೆ ಯಾವ ಬುಡಕಟ್ಟಿನ ಹಕ್ಕು? ಇದಕ್ಕೆ ಕಾನೂನಿನಲ್ಲಿ ಉತ್ತರ ಇದೆ. ಹೊಂಡುರಾಸ್ 1995ರಲ್ಲಿ ಒಪ್ಪಿಕೊಂಡ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 169ನೇ ಒಡಂಬಡಿಕೆ ಮೂಲನಿವಾಸಿಗಳ ಜೊತೆಗೆ ಬುಡಕಟ್ಟು ಜನರನ್ನೂ ಒಳಗೊಳ್ಳುತ್ತದೆ. ಯಾರು ಮೊದಲು ಬಂದರು ಅನ್ನೋದೊಂದೇ ಅಳತೆಗೋಲಲ್ಲ. ತಮ್ಮದೇ ಕಟ್ಟುಪಾಡು, ತಮ್ಮದೇ ಬದುಕಿನ ಕ್ರಮ, ಮುಖ್ಯವಾಗಿ ತಾವು ಒಂದು ಜನ ಎಂಬ ತಮ್ಮದೇ ತಿಳಿವಳಿಕೆ ಲೆಕ್ಕಕ್ಕೆ ಬರುತ್ತದೆ. 2007ರಲ್ಲಿ, 'ವಾತಿನಾ' ಬಂದ ವರ್ಷವೇ, ಅದೇ ನ್ಯಾಯಾಲಯ ಸುರಿನಾಮಿನ ಸರಮಾಕ ಜನರ ಸಾಮೂಹಿಕ ಹಕ್ಕನ್ನು ಎತ್ತಿಹಿಡಿದಿತ್ತು. ಅವರು ತೋಟಗಳಿಂದ ತಪ್ಪಿಸಿಕೊಂಡು ಕಾಡು ಸೇರಿದ ಆಫ್ರಿಕನ್ ಗುಲಾಮರ ವಂಶಸ್ಥರು.

ನಮಗೆ ಈ ಪ್ರಶ್ನೆ ಅಷ್ಟು ದೂರದ್ದೇನೂ ಅಲ್ಲ. ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿರುವ ಸಿದ್ದಿಗಳ ಪೂರ್ವಿಕರಲ್ಲಿ ಹಲವರು ಪೋರ್ಚುಗೀಸರ ಗೋವಾದಿಂದ ತಪ್ಪಿಸಿಕೊಂಡು ಬಂದ ಆಫ್ರಿಕನ್ನರು. ಕನ್ನಡ ಆಡುತ್ತಾರೆ, ಕೊಂಕಣಿ ಆಡುತ್ತಾರೆ, ಆದರೂ ಬೆಂಗಳೂರಿಗೆ ಬಂದರೆ 'ಯಾವ ದೇಶ' ಅನ್ನೋ ಪ್ರಶ್ನೆ ತಪ್ಪುವುದಿಲ್ಲ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ. ಅದು ಬರೀ ರಿಸರ್ವೇಶನ್ನಿನ ಮಾತಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡದವರಲ್ಲದ ಕಾಡಿನ ವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿದ್ದದ್ದಕ್ಕೆ ದಾಖಲೆ ತರಬೇಕು. ಪಂಗಡದವರಿಗೆ ಆ ಷರತ್ತು ಇಲ್ಲ. ಗುರುತಿನ ಪತ್ರದ ಒಂದು ಪದ ಕಾಲ ಕೆಳಗಿನ ನೆಲವನ್ನು ಉಳಿಸಬಹುದು, ಕಳೆಯಬಹುದು. ಸಿದ್ದಿಗಳದ್ದೂ ಗರಿನಾಗುಗಳದ್ದೂ ಒಂದೇ ಇತಿಹಾಸ ಅಂತ ನಾನು ಹೇಳುತ್ತಿಲ್ಲ. ಆದರೆ ಡಮಾಮಿ ಕುಣಿತವನ್ನು ಸರ್ಕಾರಿ ಉತ್ಸವದ ವೇದಿಕೆಗೆ ಕರೆಯುವಾಗ ಯಾರೂ ದಾಖಲೆ ಕೇಳುವುದಿಲ್ಲ, ಜಮೀನಿನ ಅರ್ಜಿ ಹಿಡಿದು ಬಂದಾಗ ಕೇಳುತ್ತಾರೆ. ಆ ಎರಡು ಮುಖಗಳನ್ನು ಗುರುತಿಸೋಕೆ ನಾವು ಹೊಂಡುರಾಸಿಗೆ ಹೋಗಬೇಕಾಗಿಲ್ಲ.

ತೀರ್ಪನ್ನೂ ವಿಮರ್ಶೆ ಮಾಡದೆ ಬಿಡಬಾರದು. ಅದರ ಒಳಗೆ ಒಂದು ಗಟ್ಟಿ ಇಕ್ಕಟ್ಟು ಇದೆ. ನೀವು ಅಪಾರ್ಟ್‌ಮೆಂಟಿನಲ್ಲಿ ಫ್ಲ್ಯಾಟ್ ತಗೊಂಡಿದ್ದರೆ ಸೇಲ್ ಡೀಡಿನಲ್ಲಿ ನೆಲದ ಅವಿಭಜಿತ ಪಾಲು, ಎಲ್ಲರ ಬಾಯಲ್ಲಿ ಯುಡಿಎಸ್, ಅಂತ ಒಂದು ಸಾಲು ಇರುತ್ತದೆ. ಯಾವ ಚದರಡಿ ನಿಮ್ಮದು ಅಂತ ತೋರಿಸೋಕೆ ಆಗಲ್ಲ, ಆದರೆ ಪಾಲು ಇದೆ, ಫ್ಲ್ಯಾಟ್ ಮಾರಿದರೆ ಅದೂ ಮಾರಾಟ. ಗರಿಫುನಾ ಸಾಮೂಹಿಕ ಹಕ್ಕು ಅರ್ಧ ಹೀಗೆ, ಅರ್ಧ ಇದಕ್ಕೆ ತದ್ವಿರುದ್ಧ. ನೆಲ ಎಲ್ಲರದು, ನಿಮ್ಮ ಪಾಲು ಮಾರುವಂತಿಲ್ಲ. ಹೊರಗಿನವರಿಗಂತೂ ಇಲ್ಲವೇ ಇಲ್ಲ.

ಹಾಗಾದರೆ ಹುಡುಗನೊಬ್ಬನಿಗೆ ಓದೋಕೆ ದುಡ್ಡು ಬೇಕು, ಅಮ್ಮನಿಗೆ ಆಪರೇಷನ್ ಆಗಬೇಕು, ಅವನು ಬ್ಯಾಂಕಿಗೆ ಏನು ಅಡವಿಡಬೇಕು? ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ ಈಗ ದೊಡ್ಡ ಗರಿಫುನಾ ಬಡಾವಣೆಗಳೇ ಇವೆ. ಅಲ್ಲಿ ಹುಟ್ಟಿದ ಮೊಮ್ಮಗಳಿಗೆ ತೆಲಾ ಕೊಲ್ಲಿಯ ನೆಲದಲ್ಲಿ ಯಾವ ಹಕ್ಕು? ಊರಲ್ಲೇ ಇರುವವರು ಬಡವರಾಗಿಯೇ ಇದ್ದು ನಮಗಾಗಿ ಸಂಸ್ಕೃತಿ ಕಾಯಬೇಕಾ? ಇವು ಸುಲಭದ ಪ್ರಶ್ನೆಗಳಲ್ಲ. ಸಾಮೂಹಿಕ ಹಕ್ಕಿನ ಪರ ಮಾತಾಡುವ ನನ್ನಂಥವರು, ಸೈಟು ಕೊಂಡು ಮಾರುವ ಸ್ವಾತಂತ್ರ್ಯ ಇರುವವರು, ಇವನ್ನು ಹಾರಿಸಿಬಿಡುವುದು ಅನುಕೂಲದ ಮಾತಾಗುತ್ತದೆ.

ಆದರೂ ನಾನು ತೀರ್ಪಿನ ಪರವೇ. ಕಾರಣ ಎರಡು. ಒಂದು, ಕರಾವಳಿಯ ನೆಲದ ಮಾರುಕಟ್ಟೆಯಲ್ಲಿ ರೆಸಾರ್ಟ್ ಕಂಪನಿ ಒಂದು ಕಡೆ, ಆಸ್ಪತ್ರೆಯ ಬಿಲ್ ಹಿಡಿದ ಒಬ್ಬ ಮೀನುಗಾರ ಇನ್ನೊಂದು ಕಡೆ ಕೂತಾಗ ಅದನ್ನು ಸ್ವಾತಂತ್ರ್ಯ ಅನ್ನೋಕಾಗಲ್ಲ. ಒಬ್ಬ ಮಾರಿದರೆ ದಾರಿಗೆ ಬೇಲಿ ಬೀಳುತ್ತದೆ, ದಡಕ್ಕೆ ಗೇಟು ಬೀಳುತ್ತದೆ, ಮಾರದೇ ಇದ್ದವರ ನೆಲವೂ ಕೆಲಸಕ್ಕೆ ಬಾರದೆ ಹೋಗುತ್ತದೆ. ಆಪರೇಷನ್ನಿನ ದುಡ್ಡಿಗೆ ಸರ್ಕಾರ ಬೇರೆ ದಾರಿ ಮಾಡಬೇಕು, ಅದಕ್ಕೆ ಊರಿನ ನೆಲವೇ ತಲೆದಂಡ ಆಗಬಾರದು. ಎರಡು, ದುಗು ಆಚರಣೆಗೆ ಬ್ರಾಂಕ್ಸಿನವರೂ ಊರಿಗೆ ಬರುತ್ತಾರೆ. ಕುಟುಂಬ ಪೂರ್ತಿ ಸೇರದೆ ಅದು ಆಗುವುದಿಲ್ಲ. ಮಣ್ಣಿನ ನೆಲದ ಗುಡಿ, ಪಕ್ಕದಲ್ಲೇ ಕಡಲು, ಅಲ್ಲೇ ಆಗಬೇಕು. ಊರು ಬಿಟ್ಟವರಿಗೂ ಹಿಂತಿರುಗಿ ಬರೋಕೆ ಊರು ಅಂತ ಒಂದು ಇರಬೇಕಲ್ಲ. ಊರಿನ ಮನೆ ಮಾರಿದ ವರ್ಷ ಊರಹಬ್ಬಕ್ಕೆ ಹೋಗೋಕೆ ಕಾರಣವೇ ಇಲ್ಲದೆ ಹೋದವರು ನಮ್ಮ ನಿಮ್ಮ ನಡುವೆ ಎಷ್ಟಿಲ್ಲ?

ತೀರ್ಪಿನ ದೊಡ್ಡ ದೌರ್ಬಲ್ಯ ಅದರ ಮಾತುಗಳಲ್ಲಿಲ್ಲ, ಅದರ ಮುಂದಿನ ಮೌನದಲ್ಲಿದೆ. ಜಾರಿ ಮಾಡಬೇಕಾದವರು ತಪ್ಪಿತಸ್ಥರೇ. ವರ್ಷಗಳು ಉರುಳಿದವು, ನೆಲ ವಾಪಸ್ ಬರಲಿಲ್ಲ. ಮಿರಿಯಂ ಮಿರಾಂದಾ ಮುನ್ನಡೆಸುವ ಒಫ್ರಾನೆ ಎಂಬ ಗರಿಫುನಾ ಸಂಘಟನೆ ತೀರ್ಪು ಜಾರಿ ಮಾಡಿ ಅಂತ ಬೀದಿಗಿಳಿಯುತ್ತಲೇ ಇತ್ತು. 2020ರ ಜುಲೈ 18ರ ಬೆಳಿಗ್ಗೆ, ಕೊರೊನಾ ಲಾಕ್‌ಡೌನ್ ನಡುವೆ, ಪೊಲೀಸ್ ಸಮವಸ್ತ್ರದಂಥ ಬಟ್ಟೆ ತೊಟ್ಟ ಶಸ್ತ್ರಧಾರಿಗಳು ತ್ರಿಯುನ್ಫೊ ದೆ ಲಾ ಕ್ರುಸ್‌ಗೆ ಬಂದರು. ಸಮುದಾಯದ ಚುನಾಯಿತ ಅಧ್ಯಕ್ಷ ಸ್ನೈಡರ್ ಸೆಂಟೆನೊ ಮತ್ತು ಇನ್ನೂ ಕೆಲವು ಯುವಕರನ್ನು ಮನೆಗಳಿಂದ ಎಳೆದೊಯ್ದರು. ಅವರು ಹಿಂತಿರುಗಿ ಬರಲಿಲ್ಲ. ಸೆಂಟೆನೊ ತೀರ್ಪಿನ ಜಾರಿಗಾಗಿ ಹೋರಾಡುತ್ತಿದ್ದವರು.

ಅದೇ ಹೊಂಡುರಾಸಿನ ಹೆಸರು ಯುನೆಸ್ಕೊ ಪಟ್ಟಿಯಲ್ಲಿ ಗರಿಫುನಾ ಪರಂಪರೆಯ ಪಕ್ಕದಲ್ಲಿ ಇವತ್ತಿಗೂ ಇದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಇಲ್ಲಿ ಹಿಟ್ಟು ಕಸಿದವರೇ ಹೂವು ಮುಡಿಸಿದ್ದಾರೆ.

ಈಗ ಆಲ್ಬಮ್ಮಿಗೆ ನನ್ನ ಕೊನೆಯ ಮಾತು. 'ವಾತಿನಾ' ಒಂದು ಸುಂದರ ಕೆಲಸ, ಆದರೆ ಅದರ ಸೌಂದರ್ಯದಲ್ಲಿ ಒಂದು ಅನುಕೂಲ ಇದೆ. ಅದರ ದುಃಖ ಎಷ್ಟು ಹದವಾಗಿದೆ ಅಂದರೆ, ಪ್ಯಾರಿಸ್ಸಿನಲ್ಲೋ ಇಂದಿರಾನಗರದಲ್ಲೋ ಕೂತು ಕೇಳುವವರು ಯಾರ ಮೇಲೂ ಸಿಟ್ಟಾಗದೆ ಅದನ್ನು ಅನುಭವಿಸಬಹುದು. ಪಲಾಸಿಯೊ ಕೇಳಿದ್ದು ನನ್ನ ಜೊತೆ ಮಾತಾಡುವವರು ಯಾರು ಅಂತ. ಎಲ್ಲಿ ನಿಂತು ಮಾತಾಡುವುದು ಅನ್ನುವ ಪ್ರಶ್ನೆ ಅದರ ಒಳಗೇ ಇದೆ, ಆದರೆ ಸಂಗೀತ ಅದನ್ನು ನಮ್ಮ ಮೇಲೆ ಹೇರುವುದಿಲ್ಲ. ನಿರ್ಮಾಣ ಇನ್ನೂ ಸ್ವಲ್ಪ ಒರಟಾಗಿದ್ದರೆ, ತುರಿಯುವ ಹಲಗೆಯ ಸದ್ದು ಗಿಟಾರಿಗಿಂತ ಸ್ವಲ್ಪ ಜೋರಾಗಿ ಕೇಳಿದ್ದರೆ ಅಂತ ನನಗೆ ಅನಿಸಿದ್ದುಂಟು. ದುರಾನ್ ಅವರೇ ಮರುವರ್ಷ ತಂದ 'ಉಮಲಾಲಿ' ಎಂಬ ಗರಿಫುನಾ ಹೆಂಗಸರ ಆಲ್ಬಮ್ಮಿನಲ್ಲಿ ಆ ಒರಟು ಸ್ವಲ್ಪ ಹೆಚ್ಚು ಸಿಗುತ್ತದೆ. ಅಡುಗೆಮನೆ, ಬಿರುಗಾಳಿ, ಸತ್ತ ಮಗ, ದುಡಿಮೆ ಎಲ್ಲ ಅದರಲ್ಲಿದೆ. ಎರಡರಲ್ಲಿ ಒಂದನ್ನೇ ಕೇಳೋಕೆ ಸಮಯ ಇದೆ ಅಂದರೆ ನಾನು ಅದನ್ನೇ ಮೊದಲು ಕೊಡುತ್ತೇನೆ.

ಆದರೆ ಒಂದು ಆಲ್ಬಂ ಮೊಕದ್ದಮೆ ನಡೆಸಲಿ ಅಂತ ಬಯಸುವುದೂ ಅನ್ಯಾಯ. ಅದು ಕೇಳುಗರ ಕೆಲಸ. ಹಾಡು ಚೆನ್ನಾಗಿದೆ ಅನಿಸಿದವರು ಆ ಹಾಡು ಹುಟ್ಟಿದ ಊರಿನ ಹೆಸರು ಕೇಳಬೇಕು, ಆ ಊರು ಈಗ ಯಾರ ಹೆಸರಲ್ಲಿದೆ ಅಂತಲೂ ಕೇಳಬೇಕು. ಹೆಡ್‌ಫೋನಿನಲ್ಲಿ ಪಾಲ್ ನಾಬೊರ್ ಮುಗಿಸಿದ ಮೇಲೆ ತ್ರಿಯುನ್ಫೊ ದೆ ಲಾ ಕ್ರುಸ್ ಅಂತ ಒಮ್ಮೆ ಹುಡುಕಿ. ಮೊದಲು ಬರುವುದು ಬೀಚಿನ ಫೋಟೊಗಳು, ಹೋಟೆಲ್ಲಿನ ರೇಟುಗಳು. ಸ್ವಲ್ಪ ಕೆಳಗೆ ಸ್ಕ್ರಾಲ್ ಮಾಡಬೇಕು.